ಪುಕ್ಕಟೆ ಮಾತ್ರೆಗೆ ಮೂರು ದಿನದ ಕೂಲಿ

ತುಮಕೂರು
ಭಾನುವಾರ ಸಂಜೆ

ಪ್ರಿಯ ಓದುಗ ಗೆಳತಿಗೆ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಮೊಮ್ಮಗನ ಜ್ವರದ ನೆಪ ಹೇಳಬಹುದು, ಆದರೆ ನಿಜ ಅದಲ್ಲ. ನಿಮ್ಮ ಕಾಗದದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ನಮ್ಮ ಮನೆ ಕೆಲಸಕ್ಕೆ ಬರುವಾಕೆಗೆ ಬಿಪಿ, ಶುಗರ್, ಮಂಡಿನೋವು ಎಲ್ಲ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಆದರೂ ಸರಿಯಾಗಿ ತಗೊಳ್ಳಲ್ಲ. ಇಂಥವರಿಗೆ ಹೇಗೆ ಬುದ್ಧಿ ಹೇಳುವುದು? ಮೂವತ್ತು ವರ್ಷ ಮಾತ್ರೆ ಕೊಟ್ಟವರು ನೀವು, ನಿಮಗೆ ಗೊತ್ತಿರಬೇಕು" ಅಂತ ಬರೆದಿದ್ದೀರಿ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆಸ್ಪತ್ರೆಯ ಔಷಧಿ ಕಿಟಕಿಯ ಒಳಗೆ ಕೂತು ನಾನೂ ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಕೇಳಿದ್ದೇನೆ. ನಿಮ್ಮ ಹಾಗೆ ಮರುಕದಿಂದ ಅಲ್ಲ, ಗದರಿಸಿ.

ನಾನಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರ ಒಂದು ಹೋಬಳಿ ಊರಿನದು. ಅಲ್ಲಿ ಸೋಮವಾರ ಸಂತೆ. ಸಂತೆಗೆ ಬಂದವರು ಆಸ್ಪತ್ರೆಗೂ ಬಂದುಹೋಗುವುದು ರೂಢಿ. ಬಸ್ ಚಾರ್ಜು ಒಂದೇ, ಕೆಲಸ ಎರಡಾಯಿತಲ್ಲ. ಆ ದಿನ ಕಿಟಕಿಯ ಮುಂದೆ ನೂರಾರು ಕೈ. ಬಿಪಿ ಮಾತ್ರೆಯ ದಾಸ್ತಾನು ತಳ ಕಂಡಾಗ ನಾನು ಎಲ್ಲರಿಗೂ ಹತ್ತು ದಿನದ್ದು ಮಾತ್ರ ಎಣಿಸಿ ಕೊಡುತ್ತಿದ್ದೆ. ಎಲ್ಲರಿಗೂ ಒಂದಷ್ಟು ಸಿಕ್ಕಿತು, ಯಾರೂ ಬರಿಗೈಯಲ್ಲಿ ಹೋಗಲಿಲ್ಲ ಅನ್ನುವ ಸಮಾಧಾನ ನನಗೆ.

ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಾತ ಎರಡು ತಿಂಗಳು ತಡವಾಗಿ ಬಂದ. "ಯಾಕಪ್ಪ, ಹತ್ತು ದಿನಕ್ಕೆ ಬಾ ಅಂದರೆ ಈಗ ಬಂದಿದ್ದೀಯ? ಲಕ್ವ ಹೊಡೆದು ಮೂಲೆಗೆ ಬಿದ್ದರೆ ಗೊತ್ತಾಗುತ್ತೆ" ಅಂತ ಬೈದೆ. ಅವನು ಕೋಪ ಮಾಡಿಕೊಳ್ಳಲಿಲ್ಲ. "ಅಮ್ಮೋ, ಪುಕ್ಸಟ್ಟೆ ಮಾತ್ರೆ ಅಂತೀರ. ಚೀಟಿ ಮಾಡ್ಸಿ, ಡಾಕ್ಟ್ರ ತಾವ ತೋರ್ಸಿ, ನಿಮ್ಮ ತಾವ ಲೈನು ನಿಂತ್ಕಂಡ್ರೆ ಒಂದಿನದ ಕೂಲಿ ಹೋತು. ಹತ್ತು ದಿನಕ್ಕೊಂದ್ಸಲ ಅಂದ್ರೆ ತಿಂಗಳಿಗೆ ಮೂರು ಕೂಲಿ. ಮೂರು ಕೂಲಿ ಕೊಟ್ಟು ತಗಳದು ಅದ್ಯಾವ ಪುಕ್ಸಟ್ಟೆ?" ಹಿಂದೆ ನಿಂತವರು ಗೊಳ್ಳೆಂದು ನಕ್ಕರು. ನಾನು ತಲೆ ತಗ್ಗಿಸಿ ಮಾತ್ರೆ ಎಣಿಸಿದೆ. ತಿಂಗಳದ್ದೇ ಎಣಿಸಿದೆ ಅನ್ನಿ.

ಲೆಕ್ಕದ ಪುಸ್ತಕ ಬರೆಯುತ್ತಿದ್ದವಳು ನಾನು. ಈ ಲೆಕ್ಕ ಮಾತ್ರ ನನಗೆ ಹೊಳೆದಿರಲಿಲ್ಲ. ಅವನಿಗೆ ಬಿಪಿ ಒಂದೇ ಅಲ್ಲ, ಶುಗರೂ ಇತ್ತು. ರಕ್ತ ಪರೀಕ್ಷೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು, ಊಟ ಮಾಡಿ ಮತ್ತೆ ಎರಡು ಗಂಟೆ ಕಾಯಬೇಕು. ಕಣ್ಣು ತೋರಿಸಲು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅದೂ ಕಣ್ಣಿನವರು ಇರುವ ದಿನ. ಪಾದದ ಹುಣ್ಣಿಗೆ ಡ್ರೆಸಿಂಗ್ ಇನ್ನೊಂದು ದಿನ. ಒಂದೊಂದು ಕಾಯಿಲೆಗೂ ಒಂದೊಂದು ವಾರ, ಒಂದೊಂದು ಸಾಲು, ಒಂದೊಂದು ಪುಸ್ತಕ. ಮೈ ಮಾತ್ರ ಒಂದೇ, ಅದು ದಿನಾ ಇಟ್ಟಿಗೆ ಹೊರಬೇಕು. 2009ರಲ್ಲಿ ಕಾರ್ಲ್ ಮೇ, ವಿಕ್ಟರ್ ಮೊಂಟೋರಿ, ಫ್ರಾನ್ಸಿಸ್ ಮೇರ್ ಎಂಬ ಮೂವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಬರೆದರು. ಕಾಯಿಲೆಯ ಭಾರದ ಮೇಲೆ ಚಿಕಿತ್ಸೆಯೂ ಒಂದು ಹೊರೆಯಾಗಿ ಕೂರುತ್ತದೆ, ರೋಗಿಯ ಬದುಕನ್ನು ಆದಷ್ಟು ಕಡಿಮೆ ಕಲಕುವಂಥ ಚಿಕಿತ್ಸಾ ಕ್ರಮ ಬೇಕು ಅನ್ನುವುದು ಅವರ ವಾದ. ನಿವೃತ್ತಿಯ ಮೇಲೆ ಇಂಥದ್ದನ್ನೆಲ್ಲ ಹುಡುಕಿ ಓದುವ ಚಟ ಹತ್ತಿದೆ ನನಗೆ. ಓದಿದಾಗ ಇಟ್ಟಿಗೆ ಗೂಡಿನವನೇ ನೆನಪಾದ. ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ.

ಈಗ ನಮ್ಮ ಬೀದಿಯ ಹೂವಿನಮ್ಮನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆಕೆಯ ಚೀಲದಲ್ಲಿ.

ಅರಳಿಮರದ ಬುಡದಲ್ಲಿ ಗೋಣಿತಾಟು ಹಾಸಿಕೊಂಡು ಸೇವಂತಿಗೆ, ಕನಕಾಂಬರ ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುತ್ತಾಳೆ. ಒಂದು ದಿನ ಹೂ ಕೊಡಲು ಬಂದವಳು ನಮ್ಮ ಮನೆ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೆವರು, ಕೈ ನಡುಕ. ಮುಖ ಬಿಳುಚಿಕೊಂಡಿತ್ತು. ಸಕ್ಕರೆ ಕದಡಿದ ನೀರು ಕೊಟ್ಟೆ, ಹತ್ತು ನಿಮಿಷದಲ್ಲಿ ಚೇತರಿಸಿಕೊಂಡಳು. "ಬಿಪಿ ಜಾಸ್ತಿ ಆಗಿರ್ಬೇಕು ಕಣಮ್ಮ" ಅಂದಳು. "ನಿನ್ನ ಮಾತ್ರೆ ಎಲ್ಲ ತಗೊಂಡು ಬಾ ನೋಡೋಣ" ಅಂದೆ.

ಮಾರನೆಯ ದಿನ ಬಟ್ಟೆ ಅಂಗಡಿಯ ಒಂದು ಕವರ್ ತಂದು ನನ್ನ ಮೊರದಲ್ಲಿ ಸುರಿದಳು. ಮೂರು ಆಸ್ಪತ್ರೆಯ ಚೀಟಿಗಳು, ಮಡಿಕೆಯಲ್ಲಿ ಹರಿದವು. ಯಾವ ಚೀಟಿಯಲ್ಲೂ ಇನ್ನೊಂದು ಚೀಟಿಯ ಸುಳಿವಿಲ್ಲ. ಬಿಡಿಯಾಗಿ ಕತ್ತರಿಸಿ ಕೊಟ್ಟ ಸ್ಟ್ರಿಪ್ಪಿನ ತುಂಡುಗಳು, ಹೆಸರು ಇರುವ ಕಡೆಯೇ ಕತ್ತರಿ ಬಿದ್ದಿತ್ತು. ನನ್ನ ಕಣ್ಣಿಗೆ ಬಿದ್ದ ಮುಖ್ಯ ವಿಷಯ ಇನ್ನೊಂದು. ಬೆಳಗಿನ ಮಾತ್ರೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಬಾಳೆನಾರಿನಿಂದ ಕಟ್ಟಿದ್ದಳು, ಒಂದು ಗಂಟು ಹಾಕಿ. ರಾತ್ರಿಯವಕ್ಕೆ ಎರಡು ಗಂಟು. ಓದು ಬಾರದ ಹೆಂಗಸು ಮಾತ್ರೆ ಸರಿಯಾಗಿ ತೆಗೆದುಕೊಳ್ಳಲು ತನ್ನ ಕಸುಬಿನಿಂದಲೇ ಒಂದು ವಿಧಾನ ಕಂಡುಕೊಂಡಿದ್ದಳು. ಅಸಡ್ಡೆ ಇದ್ದವಳು ಮಾಡುವ ಕೆಲಸವೇ ಇದು?

ಒಂದೊಂದೇ ಬಿಡಿಸಿದೆ. ಸರ್ಕಾರಿ ಆಸ್ಪತ್ರೆಯ ಬಿಪಿ ಮಾತ್ರೆ, ಆಮ್ಲೋಡಿಪಿನ್. ಖಾಸಗಿ ಡಾಕ್ಟರು ಬರೆದುಕೊಟ್ಟ ಇನ್ನೊಂದು ಬಿಪಿ ಮಾತ್ರೆ, ಮೇಲೆ ಬೇರೇನೋ ಕಂಪನಿ ಹೆಸರು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದರೆ ಒಳಗೆ ಇದ್ದುದು ಟೆಲ್ಮಿಸಾರ್ಟನ್, ಜೊತೆಗೆ ಮತ್ತೆ ಅದೇ ಆಮ್ಲೋಡಿಪಿನ್. ಅಂದರೆ ಒಂದೇ ಔಷಧಿ ದಿನಕ್ಕೆರಡು ಸಲ, ಎರಡು ಹೆಸರಿನಲ್ಲಿ ಒಳಗೆ ಹೋಗುತ್ತಿತ್ತು. ಆಮ್ಲೋಡಿಪಿನ್ ಹೆಚ್ಚಾದರೆ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಊದಿತ್ತು. ಅದನ್ನು ಮೂರನೆಯ ಡಾಕ್ಟರಿಗೆ ತೋರಿಸಿದ್ದಾಳೆ, ಅವರು ನೀರು ಇಳಿಯಲು ಮಾತ್ರೆ ಬರೆದಿದ್ದಾರೆ. ನೀರಿನ ಮಾತ್ರೆ ತೆಗೆದುಕೊಂಡರೆ ಗಂಟೆಗೊಮ್ಮೆ ಎದ್ದು ಹೋಗಬೇಕು. ಅರಳಿಮರದ ಬುಡದಲ್ಲಿ ಕೂತ ಹೆಂಗಸು ಎಲ್ಲಿಗೆ ಎದ್ದು ಹೋಗಬೇಕು? ಅದಕ್ಕೇ ಆ ಮಾತ್ರೆ ಬಿಟ್ಟಳು, ಜೊತೆಗೆ ನೀರು ಕುಡಿಯುವುದನ್ನೂ ಬಿಟ್ಟಳು. ನೀರು ಬಿಟ್ಟಿದ್ದಕ್ಕೆ ಉರಿಮೂತ್ರ. ಅದಕ್ಕೆ ಮೆಡಿಕಲ್ ಶಾಪಿನಿಂದ ಇನ್ನೆರಡು ಮಾತ್ರೆ.

ಮಂಡಿನೋವಿಗೆ ಡೈಕ್ಲೋಫೆನಾಕ್. ಚೀಟಿ ಇಲ್ಲದೆ, ಕೇಳಿದಾಗೆಲ್ಲ ಕೌಂಟರಿನಲ್ಲಿ ಕೊಟ್ಟದ್ದು. ನೋವಿನ ಮಾತ್ರೆ ದಿನಾ ನುಂಗಿದರೆ ಬಿಪಿ ಏರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಶುಗರ್ ಇದ್ದವರಿಗಂತೂ ಮೊದಲೇ ಅಲ್ಲಿ ಅಪಾಯ. ಬಿಪಿ ಏರಿದ್ದನ್ನು ಕಂಡ ಡಾಕ್ಟರು ಬಿಪಿ ಮಾತ್ರೆ ಹೆಚ್ಚಿಸಿದ್ದಾರೆ. ಅವರಿಗೆ ಮಂಡಿಯ ವಿಷಯ ಈಕೆ ಹೇಳಿಲ್ಲ, ಅವರು ಕೇಳಿಲ್ಲ.

ಆ ನಡುಕದ ಕಾರಣವೂ ಮೊರದಲ್ಲೇ ಸಿಕ್ಕಿತು. ಶುಗರಿಗೆ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಎಂಬ ಸಣ್ಣ ಮಾತ್ರೆ ಇತ್ತು. ಊಟಕ್ಕೆ ಮೊದಲು ತೆಗೆದುಕೊಳ್ಳಬೇಕಾದದ್ದು, ಆದರೆ ಹಿಂದೆಯೇ ಊಟ ಆಗಲೇಬೇಕು. ಈಕೆ ಬೆಳಗಿನ ಜಾವ ಮೂರೂವರೆಗೆ ಎದ್ದು, ಒಂದು ಲೋಟ ಟೀ ಕುಡಿದು, ಒಂದು ಗಂಟಿನ ಕಟ್ಟನ್ನೆಲ್ಲ ನುಂಗಿ ಹೂವಿನ ಮಂಡಿಗೆ ಹೋಗುತ್ತಾಳೆ. ಹೊಟ್ಟೆಗೆ ಮುದ್ದೆ ಬೀಳುವುದು ಹತ್ತು ಗಂಟೆಯ ಮೇಲೆ. ಅಷ್ಟರಲ್ಲಿ ರಕ್ತದ ಸಕ್ಕರೆ ಪಾತಾಳ ಕಂಡಿರುತ್ತದೆ. "ಆ ಚಿಕ್ಕದ್ದು ಬಿಟ್ಟ ದಿನ ತಲೆ ಸುತ್ತಲ್ಲ ಕಣಮ್ಮ, ಅದಕ್ಕೆ ಆಗಾಗ ಬಿಟ್ಬಿಡ್ತೀನಿ" ಅಂದಳು. ಚೀಟಿಯ ಮೇಲೆ ಡಾಕ್ಟರು ಕೆಂಪು ಮಸಿಯಲ್ಲಿ ಬರೆದಿದ್ದರು: ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ.

ಗೆಳತಿ, ಆ ಸಾಲು ನೋಡಿದಾಗ ನಿಮ್ಮ ಕಾಗದ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೇಸರ ಮಾಡಿಕೊಳ್ಳಬೇಡಿ, ಆ ಕೆಂಪು ಮಸಿಯ ಸಾಲನ್ನು ನಾನೂ ಎಷ್ಟೋ ಜನರ ಹಣೆಗೆ ಹಚ್ಚಿದವಳೇ.

ಹೂವಿನಮ್ಮನ ವಯಸ್ಸು ಕೇಳಿ ಬೆಚ್ಚಿದೆ. ನಲವತ್ತಾರು. ನಾನು ಅರವತ್ತು ದಾಟಿರಬೇಕು ಅಂದುಕೊಂಡಿದ್ದೆ. ಇಷ್ಟು ಬೇಗ ಇಷ್ಟೊಂದು ಕಾಯಿಲೆ ಸೇರಿಕೊಳ್ಳುವುದು ನಮ್ಮಲ್ಲಿ ಮಾತ್ರ ಕಾಣುವ ವಿಷಯವೂ ಅಲ್ಲ. ಸ್ಕಾಟ್ಲೆಂಡಿನ 314 ಕ್ಲಿನಿಕ್ಕುಗಳಲ್ಲಿ ಹೆಸರು ನೋಂದಾಯಿಸಿದ್ದ ಸುಮಾರು ಹದಿನೇಳೂವರೆ ಲಕ್ಷ ಜನರ ದಾಖಲೆ ನೋಡಿದ ಅಧ್ಯಯನವೊಂದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದೇ ಮೈಯಲ್ಲಿ ಎರಡು ಮೂರು ದೀರ್ಘಕಾಲದ ಕಾಯಿಲೆ ಸೇರಿಕೊಳ್ಳುವುದು ಕಡುಬಡವರ ಬಡಾವಣೆಗಳಲ್ಲಿ ಅನುಕೂಲಸ್ಥರಿಗಿಂತ 10ರಿಂದ 15 ವರ್ಷ ಮೊದಲೇ ಶುರುವಾಗುತ್ತದೆ ಎಂದು ಅದು ತೋರಿಸಿತು. ಇದು ಮುಪ್ಪಿನ ಸಮಸ್ಯೆ ಅನ್ನುತ್ತೇವಲ್ಲ, ಆದರೆ ಹೀಗೆ ಹಲವು ಕಾಯಿಲೆ ಹೊತ್ತವರಲ್ಲಿ 65ಕ್ಕಿಂತ ಚಿಕ್ಕವರ ಸಂಖ್ಯೆಯೇ ಹೆಚ್ಚಿತ್ತು. ಮೈಯ ಕಾಯಿಲೆಯ ಜೊತೆಗೆ ಮನಸ್ಸಿನ ಕಾಯಿಲೆಯೂ ಇದ್ದವರು ಶ್ರೀಮಂತ ಪ್ರದೇಶದಲ್ಲಿ ನೂರಕ್ಕೆ 6 ಇದ್ದರೆ ಬಡ ಪ್ರದೇಶದಲ್ಲಿ 11. ಹೂವಿನಮ್ಮ "ನಿದ್ದೆ ಬರಲ್ಲ" ಅನ್ನುತ್ತಾಳೆ. ಸಂಘದ ಸಾಲದ ಕಂತು ವಾರಕ್ಕೊಂದು, ಗಂಡನ ಕುಡಿತ ದಿನಕ್ಕೊಂದು. ಮೂರು ಚೀಟಿಯಲ್ಲಿ ಒಂದರಲ್ಲೂ ಅದರ ಮಾತಿಲ್ಲ.

ಚೀಟಿ ಬರೆದವರು ಕೆಟ್ಟವರಲ್ಲ. ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ ಎಂಬುದು ಸರ್ಕಾರದ ಲೆಕ್ಕ. ಸಂತೆಯ ದಿನ ನಮ್ಮ ಡಾಕ್ಟರು ಮಧ್ಯಾಹ್ನ ಮೂರಕ್ಕೆ ಊಟದ ಡಬ್ಬಿ ತೆಗೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಬೇರೆ ಬೇರೆ ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಕೊಡುವ ಸಮಯವನ್ನು 2017ರಲ್ಲಿ ಸಂಶೋಧಕರು ಒಂದೆಡೆ ಸೇರಿಸಿ ನೋಡಿದರು. ಸ್ವೀಡನ್ನಿನಲ್ಲಿ 22 ನಿಮಿಷದ ಮೇಲೆ, ಭಾರತದಲ್ಲಿ ಸುಮಾರು 2, ಬಾಂಗ್ಲಾದೇಶದಲ್ಲಿ ಒಂದು ನಿಮಿಷವೂ ಇಲ್ಲ. ಎರಡು ನಿಮಿಷದಲ್ಲಿ ಬಾಳೆನಾರಿನ ಗಂಟೂ ಬಿಚ್ಚುವುದಿಲ್ಲ.

ಇಲ್ಲಿ ನಿಮಗೆ ಒಬ್ಬ ಡಾಕ್ಟರ ಪರಿಚಯ ಮಾಡಿಕೊಡುವ ಆಸೆ. ಜೂಲಿಯನ್ ಟ್ಯೂಡರ್ ಹಾರ್ಟ್ ಅಂತ, 2018ರಲ್ಲಿ ತೀರಿಕೊಂಡರು. ವೇಲ್ಸ್ ದೇಶದ ಗ್ಲಿನ್‌ಕೋರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿ, ಜನ ಎರಡು ಸಾವಿರ ಚಿಲ್ಲರೆ. ಅರವತ್ತರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದವರು ಅಲ್ಲೇ ನೆಲೆನಿಂತರು. ಗಣಿ ಮುಚ್ಚಿತು, ಇವರು ಬಿಡಲಿಲ್ಲ. ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಈ ಅನ್ಯಾಯ ಬೆಳೆಯುತ್ತದೆ ಎಂದು 1971ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದವರು ಇವರೇ. ತುಂಬಿದ ಕೆರೆಗೇ ಮಳೆ ಸುರಿಯುತ್ತದಲ್ಲ, ಹಾಗೆ. ಆದರೆ ನನಗೆ ಆ ಸೂತ್ರಕ್ಕಿಂತ ಅವರ ದಿನಚರಿ ಇಷ್ಟ. ಕಾಯಿಲೆ ಅಂತ ಬಂದವರನ್ನು ಮಾತ್ರ ನೋಡುವುದಲ್ಲ, ಊರಿನ ಪ್ರತಿಯೊಬ್ಬ ವಯಸ್ಕರ ರಕ್ತದೊತ್ತಡವನ್ನೂ ಹುಡುಕಿಕೊಂಡು ಹೋಗಿ ಅಳೆದರು. ಅವರ ಹೆಂಡತಿ ಮೇರಿ ಈ ಕೆಲಸದಲ್ಲಿ ಜೊತೆಯಾಗಿದ್ದರು. ಇಪ್ಪತ್ತೈದು ವರ್ಷ ಕಳೆದು ಲೆಕ್ಕ ಹಾಕಿದಾಗ, ಪಕ್ಕದ ಅಂಥದ್ದೇ ಬಡ ಹಳ್ಳಿಗಿಂತ ಇಲ್ಲಿ 65ಕ್ಕೆ ಮೊದಲೇ ಸಾಯುವವರು ಕಾಲು ಭಾಗಕ್ಕಿಂತ ಜಾಸ್ತಿಯೇ ಕಡಿಮೆ ಇದ್ದರು.

ಅವರು ತಮ್ಮ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ದಪ್ಪ ಮೈ, ಏರಿದ ಬಿಪಿ, ಸಿಗರೇಟು, ಕುಡಿತ, ಆಮೇಲೆ ಶುಗರ್, ಗೌಟು. ಇಪ್ಪತ್ತೈದು ವರ್ಷದಲ್ಲಿ ಆತ ಕ್ಲಿನಿಕ್ಕಿಗೆ ಬಂದದ್ದು 310 ಸಲ. ಡಾಕ್ಟರು ಆತನ ಜೊತೆ ಕಳೆದ ಸಮಯ ಒಟ್ಟು 41 ಗಂಟೆ. ಮೊದಲು ಎದುರುಬದುರು ಕೂತವರು ಬರಬರುತ್ತ ಅಕ್ಕಪಕ್ಕ ಕೂತವರಾದರು ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ಕೊನೆಗೆ ಸಾಧಿಸಿದ್ದು ಏನು? ಏನೂ ಆಗಲಿಲ್ಲ, ಅದೇ ಸಾಧನೆ. ಲಕ್ವ ಹೊಡೆಯಲಿಲ್ಲ, ಹೃದಯಾಘಾತ ಆಗಲಿಲ್ಲ, ಮೂತ್ರಪಿಂಡ ಕೈಕೊಡಲಿಲ್ಲ.

ನಾನು ಔಷಧಿ ಕಿಟಕಿಯವಳು, ಭಾಗಿಸಿ ನೋಡದಿದ್ದರೆ ನಿದ್ದೆ ಬರುವುದಿಲ್ಲ. ಪ್ರತಿ ಸಲಕ್ಕೆ ಬಿದ್ದದ್ದು ಎಂಟೇ ನಿಮಿಷ. ಅಂದರೆ ಒಂದೇ ದಿನ ಗಂಟೆಗಟ್ಟಲೆ ಕೂರಿಸಿಕೊಂಡು ಮಾಡಿದ ಪವಾಡವಲ್ಲ. ಅದೇ ಡಾಕ್ಟರು, ಅದೇ ರೋಗಿ, ಹೋದ ಸಲ ಏನು ಮಾತಾಡಿದೆವು ಅನ್ನುವ ನೆನಪು. ಆ ನೆನಪು ಇದ್ದರೆ ಎಂಟು ನಿಮಿಷ ಸಾಕಾಗುತ್ತದೆ. ನಮ್ಮಲ್ಲಿ ಎರಡು ನಿಮಿಷವೂ ಪ್ರತಿ ಸಲ ಹೊಸಬರ ಹತ್ತಿರ, ಹೊಸ ಚೀಟಿಯ ಮೇಲೆ, "ಏನಮ್ಮ ತೊಂದರೆ?" ಎಂದೇ ಶುರು.

ಟ್ಯೂಡರ್ ಹಾರ್ಟ್ ಅವರ ಹಳ್ಳಿಯಲ್ಲಿ ಕೆಲಸ ಕಲಿತ ಗ್ರಹಾಂ ವಾಟ್ ಎಂಬುವರು ಮುಂದೆ ಗ್ಲಾಸ್ಗೋದಲ್ಲಿ ಪ್ರೊಫೆಸರಾದರು. ಸ್ಕಾಟ್ಲೆಂಡಿನ ಅತ್ಯಂತ ಬಡ ಜನರಿರುವ ನೂರು ಕ್ಲಿನಿಕ್ಕುಗಳ ಡಾಕ್ಟರುಗಳನ್ನು 2009ರಲ್ಲಿ ಒಟ್ಟುಗೂಡಿಸಿದರು. ಈಜುಕೊಳದ ಆಳದ ತುದಿಯವರು ಅಂತ ತಮ್ಮನ್ನು ಕರೆದುಕೊಂಡರು, ನೂರರಲ್ಲಿ ಬಹುಪಾಲು ಗ್ಲಾಸ್ಗೋದವೇ. ಅಲ್ಲಿಯೇ ನಡೆದ ಒಂದು ಪ್ರಯೋಗದಲ್ಲಿ ಹೀಗೆ ಹಲವು ಕಾಯಿಲೆ ಹೊತ್ತವರಿಗೆ ಅರ್ಧ ಮುಕ್ಕಾಲು ಗಂಟೆಯ ಭೇಟಿ ಕೊಟ್ಟು ನೋಡಿದರು. ಎಂಟು ಕ್ಲಿನಿಕ್ಕು, 152 ಜನ, ಚಿಕ್ಕ ಪ್ರಯೋಗವೇ. ಖರ್ಚಿಗೆ ತಕ್ಕ ಫಲ ಕಂಡಿತು.

ನಮ್ಮ ರಾಜ್ಯದ್ದೂ ಒಂದು ಲೆಕ್ಕ ಇದೆ, ಓದಿ ಹೊಟ್ಟೆ ಉರಿಯಿತು. ಬೆಂಗಳೂರಿನ ಕಾಡುಗೊಂಡನಹಳ್ಳಿ ವಾರ್ಡಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನವರು ಮನೆಮನೆಗೆ ಹೋಗಿ, ದೀರ್ಘಕಾಲದ ಕಾಯಿಲೆಗೆ ಕೈಯಿಂದ ಎಷ್ಟು ಖರ್ಚಾಗುತ್ತದೆ ಅಂತ ಕೇಳಿದರು. ಉಪೇಂದ್ರ ಭೋಜಾನಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಕಾರ, ಅವರು ಲೆಕ್ಕಕ್ಕೆ ತೆಗೆದುಕೊಂಡ 3,202 ಮನೆಗಳಲ್ಲಿ ನೂರಕ್ಕೆ 16 ಮನೆಗಳು ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಇದಕ್ಕೇ ಸುರಿಯುತ್ತಿದ್ದವು. ಆಪರೇಷನ್ನಿಗಲ್ಲ, ಅಡ್ಮಿಟ್ ಆಗಿದ್ದಕ್ಕಲ್ಲ. ಬರೀ ಹೋಗಿ ತೋರಿಸಿಕೊಂಡು ಬರುವುದಕ್ಕೆ. ಈ ಖರ್ಚನ್ನು ಕಳೆದು ನೋಡಿದರೆ ಬಡತನದ ರೇಖೆಗಿಂತ ಕೆಳಗಿನವರ ಸಂಖ್ಯೆ ಒಂದೇ ತಿಂಗಳಲ್ಲಿ ಎರಡು ಪಟ್ಟು. ಆಪರೇಷನ್ ಆದರೆ ಕಾರ್ಡು ಇದೆ, ಯೋಜನೆ ಇದೆ. ತಿಂಗಳ ಮಾತ್ರೆಯ ಚಿಲ್ಲರೆ ಖರ್ಚು ಗೆದ್ದಲಿನ ಹಾಗೆ, ತೊಲೆ ಮುರಿದು ಬಿದ್ದಾಗಲೇ ಗೊತ್ತಾಗುವುದು.

ಏನೂ ಆಗುತ್ತಿಲ್ಲ ಅಂತಲ್ಲ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವ ಕಾರ್ಯಕ್ರಮ ಇದೆ, ಆಶಾ ಕಾರ್ಯಕರ್ತೆಯರು ಫಾರಂ ತುಂಬಿಸಿಕೊಂಡು ಹೋಗುತ್ತಾರೆ. 2024ರಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಅಂತ ಶುರುವಾಯಿತು, ಸಿಬ್ಬಂದಿಯೇ ಮನೆ ಬಾಗಿಲಿಗೆ ಬಂದು ಪರೀಕ್ಷೆ ಮಾಡುವುದು. ಆ ಇಟ್ಟಿಗೆ ಗೂಡಿನವನ ಮೂರು ಕೂಲಿಯಲ್ಲಿ ಒಂದಾದರೂ ಉಳಿಯುತ್ತದೆ. ಆದರೆ ಬಾಗಿಲಿಗೆ ಬಂದವರು ಬಿಪಿ ಬರೆದುಕೊಂಡು ಹೋದರೆ ಸಾಲದು, ಕವರ್ ಸುರಿಸಿ ನೋಡಬೇಕು. ಒಬ್ಬ ಆಶಾಗೆ ಸಾವಿರ ಜನ, ಬಾಣಂತಿಯಿಂದ ಹಿಡಿದು ಸೊಳ್ಳೆಯವರೆಗೆ ಎಲ್ಲವೂ ಆಕೆಯದೇ, ಗೌರವಧನಕ್ಕೆ ಮಾತ್ರ ಧರಣಿ ಕೂರಬೇಕು. ಈ ವಿಷಯ ಎತ್ತಿದರೆ ಕಾಗದ ಮುಗಿಯುವುದಿಲ್ಲ, ಬಿಡಿ.

ಹೂವಿನಮ್ಮನ ಕಥೆ ಮುಗಿಸುತ್ತೇನೆ. ನಾನು ಡಾಕ್ಟರಲ್ಲ, ಇದನ್ನು ಬಿಡು ಅದನ್ನು ನುಂಗು ಅನ್ನುವ ಅಧಿಕಾರ ನನಗಿಲ್ಲ. ಒಂದು ಹಾಳೆಯಲ್ಲಿ ಎಲ್ಲ ಮಾತ್ರೆಗಳ ಹೆಸರು, ಯಾರು ಕೊಟ್ಟದ್ದು, ಎಷ್ಟು ಹೊತ್ತಿಗೆ ತಗೊಳ್ಳುತ್ತಾಳೆ, ಯಾವಾಗ ಎದ್ದು ಯಾವಾಗ ಉಣ್ಣುತ್ತಾಳೆ ಅಂತ ಬರೆದೆ. ಹತ್ತಿರದ ಸರ್ಕಾರಿ ಕ್ಲಿನಿಕ್ಕಿಗೆ ಆಕೆಯ ಜೊತೆ ಹೋಗಿ ಜನ ಕರಗುವವರೆಗೆ ಕಾದೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಹಾಳೆ ಓದಿ ಪೆನ್ನು ಕೆಳಗಿಟ್ಟರು. "ಮೂರೂವರೆಗೆ ಏಳ್ತೀರಾ?" ಅಂತ ಕೇಳಿದರು. ಅಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕಾಲು ಗಂಟೆ ಹಿಡಿಯಿತು. ಆಮ್ಲೋಡಿಪಿನ್ ಒಂದಾಯಿತು, ನೀರಿನ ಮಾತ್ರೆ ಹೋಯಿತು, ನೋವಿನ ಮಾತ್ರೆ ನಿಂತು ಪ್ಯಾರಾಸಿಟಮಾಲ್ ಬಂತು, ಚಿಕ್ಕ ಮಾತ್ರೆ ಹತ್ತು ಗಂಟೆಯ ಮುದ್ದೆಯ ಜೊತೆಗೆ ಸರಿಯಿತು. ಕೆಲವು ವಾರಗಳಲ್ಲಿ ಪಾದದ ಊತ ಇಳಿದು ಚಪ್ಪಲಿ ಹಿಡಿಯಿತು. ಮಂಡಿ ಈಗಲೂ ನೋಯುತ್ತದೆ. ಶುಗರ್ ಈಗಲೂ ಹೆಚ್ಚೇ, ರೇಷನ್ ಅಕ್ಕಿ ಬಿಟ್ಟು ಆಕೆ ಇನ್ನೇನು ಉಣ್ಣಬೇಕು? ಗುತ್ತಿಗೆ ಮುಗಿದು ಆ ಡಾಕ್ಟರಮ್ಮ ಹೋದರು. ಹೊಸಬರು ಬಂದಿದ್ದಾರೆ. ಹಾಳೆ ಮಾತ್ರ ಹೂವಿನ ಬುಟ್ಟಿಯ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ.

ನಿಮ್ಮ ಮನೆಯಾಕೆಗೆ ಬುದ್ಧಿ ಹೇಳುವ ಮೊದಲು ಒಂದು ಭಾನುವಾರ ಮಾತ್ರೆಯ ಚೀಲ ತರಲು ಹೇಳಿ. ಕಾಫಿ ಕೊಟ್ಟು, ಪಕ್ಕದಲ್ಲಿ ಕೂತು, ಅಂಥದ್ದೇ ಒಂದು ಹಾಳೆ ಬರೆಯಿರಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಡಾಕ್ಟರ ಕೈಗೇ ಕೊಡಿ. ಆಸ್ಪತ್ರೆಗೆ ಹೋದ ದಿನದ ಸಂಬಳ ಹಿಡಿಯಬೇಡಿ. ಹಾಳೆಯ ಫೋಟೋ ನನಗೂ ಕಳಿಸಿ, ಸಣ್ಣ ಅಕ್ಷರ ಓದುವುದು ನನಗಿನ್ನೂ ಬಿಟ್ಟುಹೋಗಿಲ್ಲ.

ಮನೆಯವರಿಗೆಲ್ಲ ನನ್ನ ನೆನಪು ಹೇಳಿ.

ಇಂತಿ ನಿಮ್ಮ,
ಔಷಧಿ ಕಿಟಕಿಯವಳು

ಮರೆತಿದ್ದೆ: ನಿಮ್ಮ ಮನೆಯಲ್ಲಿ ಆಕೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಇರುತ್ತಾಳೆ ಅಂತ ಬರೆದಿದ್ದೀರಿ. ಶೌಚಕ್ಕೆ ಎಲ್ಲಿಗೆ ಹೋಗುತ್ತಾಳೆ?